ಮಿತಿಮೀರಿ ಬೆಳೆದ ಹನಿಸಕಲ್: ಕತ್ತರಿ ಹಾಕೋ ಮುಂಚೆ ಹೂ ಎಲ್ಲಿ ಬಿಡುತ್ತೆ ನೋಡ್ಕೊಳ್ಳಿ

ಪ್ರಶ್ನೆ: ನಮಸ್ಕಾರ ಸರ್. ಹೋದ ವರ್ಷ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ತಗೊಂಡ್ವಿ. ಹಿತ್ತಲಲ್ಲಿ ಆರಡಿ ಮರದ ಫೆನ್ಸ್ ಮೇಲೆ ಒಂದು ಹನಿಸಕಲ್ ಬಳ್ಳಿ ಇದೆ, ತುಂಬಾ ಹಳೇದು ಅನ್ಸುತ್ತೆ. ಕೆಳಗಡೆ ಬರೀ ಕಟ್ಟಿಗೆ, ಮೇಲ್ಗಡೆ ದೊಡ್ಡ ಗುಡ್ಡೆ, ಭಾರಕ್ಕೆ ಫೆನ್ಸ್ ವಾಲ್ತಾ ಇದೆ, ಅರ್ಧ ಶೆಡ್ ಮೇಲೂ ಹತ್ತಿದೆ. ಜುಲೈನಲ್ಲಿ ಬಿಟ್ಟಿದ್ದು ನಾಲ್ಕೇ ನಾಲ್ಕು ಗೊಂಚಲು, ಅದೂ ಪಕ್ಕದ ಮನೆಯವರ ಕಡೆಗೆ. ಜೂನ್‌ನಲ್ಲಿ ಕುಡಿಯೆಲ್ಲ ಮುದುಡಿ ಅಂಟಂಟಾಗಿತ್ತು, ಆಗಸ್ಟಲ್ಲಿ ಎಲೆ ಮೇಲೆ ಬಿಳಿ ಪುಡಿ. ಈಗ ಅಕ್ಟೋಬರ್, ಕೆಂಪು ಹಣ್ಣು ಬಿಟ್ಟಿದೆ, ಮನೇಲಿ 3 ವರ್ಷದ ಮಗಳಿದ್ದಾಳೆ, ವಿಷನಾ ಅಂತ ಭಯ. ಊರಿಂದ ಬಂದಿರೋ ಅಮ್ಮ ಮಲ್ಲಿಗೆ ಥರ ಡಿಸೆಂಬರಲ್ಲಿ ಸವರಿಬಿಡು ಅಂತಾರೆ. ನಮ್ಮೆಜಮಾನ್ರು ಹೆಡ್ಜ್ ಟ್ರಿಮ್ಮರ್ ತಗೊಂಡು ಈ ವೀಕೆಂಡೇ ಬೋಳಿಸ್ತೀನಿ ಅಂತಿದಾರೆ. ಯಾರ ಮಾತು ಕೇಳ್ಲಿ? ಫೋಟೋ ಕಳಿಸಿದೀನಿ.

ಉತ್ತರ: ಮೊದಲು ಆ ಹೆಡ್ಜ್ ಟ್ರಿಮ್ಮರ್ ವಾಪಸ್ ಶೆಡ್ಡಿಗೆ ಹೋಗ್ಲಿ. ನಿಮ್ಮೆಜಮಾನ್ರ ಮೇಲೆ ಕೋಪ ಏನಿಲ್ಲ, ಈ ದೇಶದಲ್ಲಿ ಹನಿಸಕಲ್ ಇರೋ ಅರ್ಧ ಜನ ಮಾಡೋದೇ ಅದು. ಫೋಟೋ ನೋಡಿದ್ರೆ ನಿಮಗೆ ಮನೆ ಮಾರಿದವರೂ ಅದನ್ನೇ ಮಾಡ್ಕೊಂಡು ಬಂದ ಹಾಗಿದೆ. ಎರಡನೇ ಫೋಟೋದಲ್ಲಿ ಫೆನ್ಸ್ ಮೇಲಿನ ಗುಡ್ಡೆ ಒಂದೇ ಮಟ್ಟಕ್ಕೆ ಕೊರೆದಂಗೆ ಇದೆಯಲ್ಲ, ಆ ಮೊಂಡು ತುದಿಗಳ ಪಕ್ಕದಿಂದ ಪೊರಕೆ ಕಡ್ಡಿ ಥರ ಸಣ್ಣ ಸಣ್ಣ ಚಿಗುರು ಎದ್ದಿದೆಯಲ್ಲ, ಅದು ಪ್ರತಿ ವರ್ಷ ಮಿಷನ್ ಓಡಿಸಿದ ಗುರುತು. ನಿಮಗೆ ಹೂ ಯಾಕೆ ಬರ್ತಿಲ್ಲ ಅನ್ನೋದಕ್ಕೆ ಉತ್ತರನೂ ಅಲ್ಲೇ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಅದೊಂದು ತಿಳಿದ್ರೆ ಯಾವಾಗ ಕತ್ತರಿಸಬೇಕು ಅಂತ ಬೇರೆಯವರನ್ನ ಕೇಳೋ ಅಗತ್ಯನೇ ಇರಲ್ಲ.

ನಿಮ್ಮ ಅಮ್ಮ ಹೇಳ್ತಿರೋದು ಮಲ್ಲಿಗೆಗೆ ನೂರಕ್ಕೆ ನೂರು ಸರಿ. ದುಂಡು ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಲ್ಲಿ. ಅದಕ್ಕೇ ಊರಲ್ಲಿ ಚಳಿಗಾಲದಲ್ಲಿ ನೀರು ಕಮ್ಮಿ ಮಾಡಿ, ಎಲೆ ಉದುರಿಸಿ, ಗಿಡ ಸವರ್ತಾರೆ, ಬೇಸಿಗೆ ಶುರುವಾಗೋ ಹೊತ್ತಿಗೆ ಹೊಸ ಚಿಗುರು ಬಂದು ಅದರ ತುದೀಲಿ ಮೊಗ್ಗು. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ, ಸರಳ ಲೆಕ್ಕ. ನಿಮ್ಮ ಹಿತ್ತಲಲ್ಲಿರೋ ಹನಿಸಕಲ್ ಹಾಗಲ್ಲ. ಈ ವರ್ಷ ಬೆಳೆದ ಬಳ್ಳಿ ಚಳಿಗಾಲ ಪೂರ್ತಿ ಸುಮ್ಮನಿದ್ದು, ಮುಂದಿನ ವಸಂತದಲ್ಲಿ ಅದರ ಗೆಣ್ಣುಗಳಿಂದ ಗಿಡ್ಡ ಗಿಡ್ಡ ಪಕ್ಕದ ಕುಡಿ ಹೊರಟು ಆ ಕುಡಿ ತುದೀಲಿ ಹೂಗೊಂಚಲು ಬರುತ್ತೆ. ಅಂದ್ರೆ 2 ವರ್ಷದ ಕೆಲಸ. ಅಕ್ಟೋಬರಲ್ಲೋ ಡಿಸೆಂಬರಲ್ಲೋ ಮೇಲಿಂದ ಬೋಳಿಸಿದ್ರೆ ಮುಂದಿನ ಜೂನ್ ಜುಲೈನ ಹೂವನ್ನ ಕೈಯಾರೆ ಕತ್ತರಿಸಿ ಹಸಿರು ಡಬ್ಬಕ್ಕೆ ಹಾಕಿದ ಹಾಗೆ. ಮಿಷನ್ ಕೈಗೆ ಸಿಗದೆ ಉಳಿದದ್ದು ಪಕ್ಕದವರ ಕಡೆ ಜೋತುಬಿದ್ದಿದ್ದ ನಾಲ್ಕು ಬಳ್ಳಿ, ಹಾಗಾಗಿ ನಾಲ್ಕು ಗೊಂಚಲು, ಅವರ ಕಡೆಗೆ.

ಆದ್ರೆ ಹನಿಸಕಲ್ ಅಂದ್ರೆ ಎಲ್ಲಾ ಒಂದೇ ಅಲ್ಲ, ಜಾತಿ ಗೊತ್ತಾಗದೆ ಕತ್ತರಿ ಎತ್ತಬಾರದು. ನಿಮ್ಮದು ಲೋನಿಸೆರಾ ಪೆರಿಕ್ಲಿಮೆನಮ್, ಇಂಗ್ಲೆಂಡಿನದೇ ಬಳ್ಳಿ, ಇಲ್ಲಿಯ ಕಾಡಿನ ಅಂಚಲ್ಲಿ, ಬೇಲಿ ಸಾಲಲ್ಲಿ ತಾನಾಗೇ ಬೆಳೆಯುತ್ತೆ, ಹಳೇ ಜನ ವುಡ್‌ಬೈನ್ ಅಂತಾರೆ. ಹೇಗೆ ಗೊತ್ತಾಯ್ತು ಅಂದ್ರೆ, ಹೂವು ಬಳ್ಳಿ ತುದೀಲಿ ಗುಂಪಾಗಿ ಕಿರೀಟದ ಥರ ಇದೆ, ಹಣ್ಣು ಕೆಂಪಗೆ ಒತ್ತೊತ್ತಾಗಿ ಗೊಂಚಲಾಗಿದೆ, ಈಗಾಗ್ಲೇ ಎಲೆ ಹಳದಿ ತಿರುಗಿ ಉದುರ್ತಿದೆ. ಇದರಲ್ಲಿ ಮೇ ತಿಂಗಳಲ್ಲೇ ಶುರುವಾಗೋ ಬೆಲ್ಜಿಕಾ, ಜುಲೈನಿಂದ ಬಿಡೋ ಸೆರೊಟಿನಾ, ಕೆನೆ ಬಣ್ಣದ ಗ್ರಹಾಂ ಥಾಮಸ್ ಅಂತ ತಳಿಗಳಿವೆ, ಸವರೋ ವಿಚಾರಕ್ಕೆ ಅದೆಲ್ಲ ದೊಡ್ಡ ವ್ಯತ್ಯಾಸ ಅಲ್ಲ. ಚಳಿಗಾಲದಲ್ಲೂ ಎಲೆ ಉಳ್ಕೊಂಡಿದ್ದು, ಹೂವು ಬಳ್ಳಿ ಉದ್ದಕ್ಕೂ ಎಲೆ ಬುಡದಲ್ಲಿ ಜೋಡಿ ಜೋಡಿಯಾಗಿ ಬಂದು, ಬಿಳಿಯಿಂದ ಹಳದಿಗೆ ತಿರುಗಿ, ಹಣ್ಣು ಕಪ್ಪಗಿದ್ರೆ ಅದು ಜಪಾನೀಸ್ ಹನಿಸಕಲ್. ಅದು ಮಾತ್ರ ಮಲ್ಲಿಗೆ ಪಾರ್ಟಿ, ಅದೇ ವರ್ಷದ ಚಿಗುರಲ್ಲಿ ಹೂ ಬಿಡುತ್ತೆ, ಅದನ್ನ ಮಾರ್ಚಲ್ಲಿ ಒತ್ತೊತ್ತಾಗಿರೋ ಕಡೆ ಬಿಡಿಸಿ ಸವರಿದ್ರೆ ಏನೂ ನಷ್ಟ ಇಲ್ಲ.

ಬೇರೆ ಕಡೆಯವರೂ ಇದನ್ನ ಓದ್ತೀರ ಅಂತ ಎರಡು ಮಾತು. ಅಮೆರಿಕದಲ್ಲಿ ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆ ಇರೋರಿಗೆ ಹಿತ್ತಲಲ್ಲಿ ಇದೇ ಜಪಾನೀಸ್ ಹನಿಸಕಲ್ ಮರ ಹತ್ತಿ ಕೂತಿದ್ರೆ ಅದನ್ನ ಸವರಿ ಸಾಕೋ ಗೋಜಿಗೇ ಹೋಗಬೇಡಿ, ಬುಡ ಸಮೇತ ತೆಗೀರಿ. 1806ರಲ್ಲಿ ಆ ದೇಶಕ್ಕೆ ಬಂದಿದ್ದು ಇವತ್ತು ಕಾಡು ನುಂಗೋ ಕಳೆ ಅಂತ ಲೆಕ್ಕ. ಬದಲಿಗೆ ಅಲ್ಲಿಯದೇ ಆದ ಕೋರಲ್ ಹನಿಸಕಲ್ ಹಾಕಿ, ಪರಿಮಳ ಇಲ್ಲ, ಆದ್ರೆ ಹಮ್ಮಿಂಗ್‌ಬರ್ಡ್ ಬರುತ್ತೆ. ಇನ್ನು ಬೆಂಗಳೂರಿನವರು ಹನಿಸಕಲ್ ಅಂತ ನರ್ಸರಿಯಿಂದ ತಂದು ಗೇಟಿನ ಮೇಲೆ ಹಬ್ಬಿಸಿರೋದು ಎಷ್ಟೋ ಸಲ ರಂಗೂನ್ ಕ್ರೀಪರ್ ಆಗಿರುತ್ತೆ, ಸಂಜೆ ಬೆಳ್ಳಗೆ ಅರಳಿ ಆಮೇಲೆ ಗುಲಾಬಿ, ಕೆಂಪು ಆಗೋದು. ಅದು ಬೇರೆ ಕುಟುಂಬದ ಗಿಡ, ಈ ಉತ್ತರ ಅದಕ್ಕಲ್ಲ.

ಸರಿ, ನಿಮ್ಮ ಬಳ್ಳಿಗೆ ಬರೋಣ. ಕೆಳಗೆ ಬರೀ ಕಟ್ಟಿಗೆ ಯಾಕಾಯ್ತು ಅಂದ್ರೆ ಬಳ್ಳಿ ತುದಿ ತಾನು ಬೆಳೀತಿರೋವರೆಗೂ ಕೆಳಗಿನ ಗೆಣ್ಣುಗಳನ್ನ ಮಲಗಿಸಿಟ್ಟಿರುತ್ತೆ, ತುದೀಲಿ ತಯಾರಾಗೋ ಆಕ್ಸಿನ್ ಅನ್ನೋ ಹಾರ್ಮೋನ್ ಕೆಳಗಿಳಿದು ಕೆಳಗಿನ ಮೊಗ್ಗುಗಳು ಚಿಗುರದ ಹಾಗೆ ತಡೆಯುತ್ತೆ. ಬಳ್ಳಿ ನೆಟ್ಟಗೆ ಮೇಲಕ್ಕೆ ಹೋದ್ರೆ ಚಿಗುರೆಲ್ಲ ಮೇಲೇ. ಫೆನ್ಸ್ ಮುಗೀತಿದ್ದಂಗೆ ಹಿಡ್ಕೊಳ್ಳೋಕೆ ಬೇರೇನೂ ಇಲ್ಲದೆ ಒಂದರ ಮೇಲೊಂದು ತಾವೇ ಸುತ್ಕೊಂಡು ಗುಡ್ಡೆ ಆಗುತ್ತೆ, ಗುಡ್ಡೆ ನೆರಳಿಗೆ ಒಳಗಿನ ಎಲೆ ಸಾಯುತ್ತೆ, ಒಣಗಿದ್ದು ಅಲ್ಲೇ ಸಿಕ್ಕಾಕ್ಕೊಂಡು ಮಳೆ ನೀರು ಕುಡಿದು ಭಾರ ಆಗುತ್ತೆ, ಫೆನ್ಸ್ ವಾಲುತ್ತೆ. ಅಂದ್ರೆ ನಿಮ್ಮ ಬಳ್ಳಿಗೆ ವಯಸ್ಸಾಗಿರೋದು ತೊಂದರೆ ಅಲ್ಲ, ಅದನ್ನ ಯಾರೂ ಅಡ್ಡಡ್ಡ ಹಬ್ಬಿಸಿಲ್ಲ, ಅಷ್ಟೇ. ಹನಿಸಕಲ್ ಬಹಳ ಗಟ್ಟಿ ಜೀವ.

ಈಗ ದಾರಿ ಎರಡು. ಒಂದು, ಫೆಬ್ರವರೀಲಿ ಇಡೀ ಬಳ್ಳಿನ ನೆಲದಿಂದ 60 ಸೆಂಟಿಮೀಟರ್, ಅಂದ್ರೆ ಎರಡಡಿಗೆ ಕತ್ತರಿಸಿ ಹೊಸದಾಗಿ ಬೆಳೆಸೋದು. ಇನ್ನೊಂದು, ವರ್ಷಕ್ಕೆ ಮೂರರಲ್ಲೊಂದು ಭಾಗ ಹಳೇ ಬಳ್ಳಿ ಬುಡದಿಂದ ತೆಗೀತಾ 3 ವರ್ಷದಲ್ಲಿ ಪೂರ್ತಿ ಹೊಸದು ಮಾಡೋದು. ಎರಡನೇದರಲ್ಲಿ ಪ್ರತಿ ವರ್ಷ ಒಂದಷ್ಟು ಹೂ ಸಿಗುತ್ತೆ, ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಮಾಡಿದವರಿಗೇ ಗೊತ್ತು ಅದರ ಕಷ್ಟ, ಆ ಸಿಕ್ಕಿನಲ್ಲಿ ಯಾವ ತುದಿ ಯಾವ ಬುಡದ್ದು ಅಂತ ಹುಡುಕೋ ಹೊತ್ತಿಗೆ ಸಂಜೆ ಆಗಿರುತ್ತೆ, ಇಲ್ಲಿ ಚಳಿಗಾಲದಲ್ಲಿ ಸಂಜೆ ಅಂದ್ರೆ ನಾಲ್ಕು ಗಂಟೆ. ನಿಮ್ಮ ವಿಷಯದಲ್ಲಿ ನಾನು ಹೇಳೋದು ಒಂದೇ ಸಲ ಕತ್ತರಿಸೋದೇ ಸರಿ ಅಂತ. ಫೆನ್ಸ್ ವಾಲಿದೆ, ಆ ಪ್ಯಾನೆಲ್ ರಿಪೇರಿ ಮಾಡ್ಲೇಬೇಕು, ಬಳ್ಳಿ ಮೇಲಿದ್ರೆ ಮಾಡಕ್ಕಾಗಲ್ಲ. ಜೊತೆಗೆ ಮೂರನೇ ಫೋಟೋದಲ್ಲಿ ಬುಡದ ಹತ್ರ, ಆ ಕೆಂಪು ಬಕೆಟ್ ಪಕ್ಕದಲ್ಲಿ, ಪೆನ್ಸಿಲ್ ದಪ್ಪದ ಎರಡು ಹೊಸ ಚಿಗುರು ಕಾಣ್ತಿದೆ ನೋಡಿ. ಬುಡದಿಂದ ಚಿಗುರೋ ಶಕ್ತಿ ಇನ್ನೂ ಇದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಬುಡದಲ್ಲಿ ಒಂದೂ ಚಿಗುರಿಲ್ಲದೆ ಮುಂಗೈ ದಪ್ಪದ ಒಂದೇ ಕಾಂಡ ಇದ್ದಿದ್ರೆ ನಾನು ಇಷ್ಟು ಧೈರ್ಯವಾಗಿ ಹೇಳ್ತಿರಲಿಲ್ಲ, ಆಗ 3 ವರ್ಷದ ದಾರಿನೇ ಹಿಡೀರಿ ಅಂತಿದ್ದೆ. ಬೆಲೆ ಏನು ಅಂದ್ರೆ ಮುಂದಿನ ಬೇಸಿಗೇಲಿ ಹೂ ಇರಲ್ಲ, ಇದ್ರೂ ಒಂದೋ ಎರಡೋ. ಈಗ ಬರ್ತಿರೋದೇ ನಾಲ್ಕು ಗೊಂಚಲು, ಅದೂ ಪಕ್ಕದವರಿಗೆ, ಹೋದ್ರೆ ಹೋಗ್ಲಿ ಬಿಡಿ.

ಫೆಬ್ರವರಿನೇ ಯಾಕೆ, ಈಗ್ಲೇ ಯಾಕೆ ಬೇಡ ಅಂತ ಕೇಳ್ತೀರ. ಈಗ ಗಿಡ ಎಲೆ ಉದುರಿಸ್ತಾ ಸಕ್ಕರೆ ಅಂಶನ ಬೇರು, ಕಾಂಡಕ್ಕೆ ಇಳಿಸ್ತಿದೆ, ವಸಂತದಲ್ಲಿ ಹೊಸ ಚಿಗುರು ಬರೋದು ಆ ಉಳಿತಾಯದಿಂದ. ಈಗ ಕತ್ತರಿಸಿದ್ರೆ ಅರ್ಧ ಉಳಿತಾಯ ಹೋಯ್ತು. ಅಕ್ಟೋಬರ್ ಇನ್ನೂ ಬೆಚ್ಚಗಿದ್ರೆ ಅವಸರಕ್ಕೆ ಚಿಗುರು ಬೇರೆ ಬರುತ್ತೆ, ಅದನ್ನ ಡಿಸೆಂಬರ್ ಹಿಮ ಸುಟ್ಟುಹಾಕುತ್ತೆ. ಹಾಗಂತ ಏಪ್ರಿಲ್‌ವರೆಗೂ ಎಳೀಬೇಡಿ. ಇಂಥ ಒತ್ತಾದ ಗುಡ್ಡೆ ಅಂದ್ರೆ ಬ್ಲ್ಯಾಕ್‌ಬರ್ಡ್, ರೆನ್ ಥರದ ಹಕ್ಕಿಗಳಿಗೆ ಗೂಡು ಕಟ್ಟೋಕೆ ಬಹಳ ಇಷ್ಟ. 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಆಕ್ಟ್ ಪ್ರಕಾರ ಹಕ್ಕಿ ಕಟ್ತಿರೋ ಅಥವಾ ವಾಸ ಇರೋ ಗೂಡನ್ನ ಬೇಕಂತ ಹಾಳು ಮಾಡೋದು ಅಪರಾಧ. ಮಾರ್ಚಿಂದ ಆಗಸ್ಟ್‌ವರೆಗೆ ಗೂಡಿನ ಕಾಲ ಅಂತ ಇಲ್ಲಿಯವರು ಬೇಲಿ ಮುಟ್ಟಲ್ಲ. ಹಾಗಾಗಿ ಫೆಬ್ರವರಿ ಕೊನೆ ಎರಡು ವಾರ ನಿಮ್ಮದು, ಹಿಮ ಬೀಳದ ಒಂದು ಒಣ ದಿನ ನೋಡ್ಕೊಳ್ಳಿ. ಅವತ್ತೂ ಮೊದಲು ಕೈಯಲ್ಲಿ ಸರಿಸಿ ಒಳಗೆ ನೋಡಿ, ಚಳಿಗೆ ಮುಳ್ಳುಹಂದಿ ಥರದ ಹೆಜ್‌ಹಾಗ್ ಬುಡದ ಒಣ ಎಲೇಲಿ ಮಲಗಿರೋದೂ ಉಂಟು.

ಅಲ್ಲಿವರೆಗೂ ಕೈಕಟ್ಟಿ ಕೂರೋದು ಬೇಡ, ಈಗ ಅಕ್ಟೋಬರಲ್ಲಿ ಮಾಡೋಕೆ ಒಂದು ಒಳ್ಳೆ ಕೆಲಸ ಇದೆ. ಬುಡದ ಆ ಎರಡು ಹೊಸ ಚಿಗುರಲ್ಲಿ ಒಂದನ್ನ, ಬಗ್ಗೋ ಅಷ್ಟು ಉದ್ದ ಇದ್ರೆ, ನೆಲಕ್ಕೆ ಬಾಗಿಸಿ. ಎಲೆ ಹುಟ್ಟಿರೋ ಗೆಣ್ಣು ನೆಲ ಮುಟ್ಟೋ ಜಾಗದಲ್ಲಿ ನಾಲ್ಕು ಬೆರಳಿನ ಗುಂಡಿ ತೋಡಿ, ಆ ಗೆಣ್ಣಿನ ಕೆಳಗೆ ಸಿಪ್ಪೆನ ಉಗುರಿಂದ ಒಂದಿಷ್ಟು ಕೆರೆದು, ಗುಂಡೀಲಿ ಕೂರಿಸಿ, ತಂತಿನ ಹೇರ್‌ಪಿನ್ ಥರ ಬಗ್ಗಿಸಿ ಚುಚ್ಚಿ, ಮಣ್ಣು ಮುಚ್ಚಿ ಮೇಲೊಂದು ಕಲ್ಲಿಡಿ. ತುದಿ ಹೊರಗೇ ಇರ್ಲಿ. ಮುಂದಿನ ಶರತ್ಕಾಲದ ಹೊತ್ತಿಗೆ ಬೇರು ಬಂದಿರುತ್ತೆ, ಕತ್ತರಿಸಿ ಬೇರೆ ಕಡೆ ನೆಡಬಹುದು. ತಾಯಿ ಬಳ್ಳಿಗೆ ಏನಾದ್ರೂ ಆದ್ರೆ ಇದು ಇನ್ಶೂರೆನ್ಸ್. ಈ ಕೆಲಸ ನಿಮ್ಮ ಅಮ್ಮನಿಗೇ ಕೊಡಿ, ಮಲ್ಲಿಗೆ ಬಾಗಿಸಿ ಹೂತು ಗಿಡ ಮಾಡಿದ ಕೈ ಇರಬೇಕು, ನಿಮಗಿಂತ ಚೆನ್ನಾಗಿ ಮಾಡ್ತಾರೆ.

ಇನ್ನು ಫೆಬ್ರವರಿ ದಿನದ ಕೆಲಸ. ಚೂಪಾದ ಸೆಕೆಟರ್ (ಗಿಡ ಸವರೋ ಕೈಕತ್ತರಿ), ದಪ್ಪ ಕಾಂಡಕ್ಕೆ ಉದ್ದ ಹಿಡಿಯ ಕತ್ತರಿ ಲಾಪರ್, ಒಂದು ಸಣ್ಣ ಗರಗಸ, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಕನ್ನಡಕ ಮರೀಬೇಡಿ, ಎಳೆದು ಕಟ್ಟಿದ ಬಳ್ಳಿ ಕತ್ತರಿಸಿದ ತಕ್ಷಣ ಚಾಟಿ ಥರ ಮುಖಕ್ಕೆ ಬರುತ್ತೆ, ಮೇಲಿಂದ ಒಣ ಸಿಪ್ಪೆ ಧೂಳು ಬೇರೆ. ಮೊದಲು ಬುಡದಲ್ಲಿ ಕೂತು ಯಾವ ಕಾಂಡ ಜೀವಂತ ಅಂತ ನೋಡಿ. ಹನಿಸಕಲ್ ಸಿಪ್ಪೆ ವಯಸ್ಸಾದಂಗೆ ಪಟ್ಟಿ ಪಟ್ಟಿಯಾಗಿ ಸುಲಿಯುತ್ತೆ, ಹಾಗಾಗಿ ಜೀವ ಇರೋದೂ ಸತ್ತ ಹಾಗೇ ಕಾಣುತ್ತೆ, ಎಷ್ಟೋ ಜನ ಇಲ್ಲೇ ಮೋಸ ಹೋಗೋದು. ಸಡಿಲ ಸಿಪ್ಪೆ ಪಕ್ಕಕ್ಕೆ ಸರಿಸಿ ಒಳ ಸಿಪ್ಪೆನ ಉಗುರಿಂದ ಕೆರೆದು ನೋಡಿ, ಹಸಿರು ತೇವ ಕಂಡ್ರೆ ಬದುಕಿದೆ, ಕಂದು ಪುಡಿ ಉದುರಿದ್ರೆ ಮುಗೀತು. ಕಾಂಡದ ಮಧ್ಯೆ ಟೊಳ್ಳಿದ್ರೆ ಗಾಬರಿ ಬೇಡ, ಈ ಬಳ್ಳಿ ಇರೋದೇ ಹಾಗೆ. ಬದುಕಿರೋದಕ್ಕೆ ಬಣ್ಣದ ಉಲ್ಲನ್ ದಾರ ಕಟ್ಕೊಳ್ಳಿ, ಆಮೇಲೆ ಕತ್ತರಿಸೋ ಭರದಲ್ಲಿ ತಪ್ಪಲ್ಲ.

ಆಮೇಲೆ ಬುಡದಿಂದ ಶುರು ಮಾಡಬೇಡಿ. ಬುಡ ಕತ್ತರಿಸಿ ಮೇಲಿನ ಗುಡ್ಡೆನ ಹಿಡಿದು ಎಳೆದ್ರೆ ಬಳ್ಳಿ ಜೊತೆ ಫೆನ್ಸೂ ಬರುತ್ತೆ, ಶೆಡ್ಡಿನ ಮೇಲೆ ನೀರು ಇಳೀದಂಗೆ ಹೊದಿಸಿರೋ ಫೆಲ್ಟ್ ಹಾಳೆ ಹರಿದು ಬರುತ್ತೆ. ಮೇಲಿಂದ ಒಂದೊಂದು ಅಡಿ ಉದ್ದಕ್ಕೆ ತುಂಡು ತುಂಡು ಮಾಡಿ ಬಿಡಿಸ್ತಾ ಬನ್ನಿ, ಶೆಡ್ ಕಡೆಯದನ್ನ ಮೊದಲು, ಫೆನ್ಸ್ ಆಮೇಲೆ. ಪ್ಯಾನೆಲ್ ಹಲಗೆ ಸಂದಿಯಲ್ಲಿ ನುಗ್ಗಿ ಆ ಕಡೆ ಹೋಗಿರೋದನ್ನ ಎಳೀದೆ ಎರಡೂ ಕಡೆ ಕತ್ತರಿಸಿ ಬಿಟ್ಟುಬಿಡಿ, ತಾನೇ ಒಣಗಿ ಉದುರುತ್ತೆ. ಭಾರ ಎಲ್ಲ ಇಳಿದ ಮೇಲೆ ಉಳಿಯೋದು ನೆಟ್ಟಗಿರೋ ಐದಾರು ಕಾಂಡ, ಆಗ ಸತ್ತಿದ್ದನ್ನ ನೆಲದ ಮಟ್ಟಕ್ಕೆ ಗರಗಸದಲ್ಲಿ ತೆಗೀರಿ, ದಾರ ಕಟ್ಟಿರೋದನ್ನ ಎರಡಡಿ ಎತ್ತರದಲ್ಲಿ, ಮೊಗ್ಗೋ ಗೆಣ್ಣೋ ಕಾಣೋ ಜಾಗದ ಸ್ವಲ್ಪ ಮೇಲೆ ಕತ್ತರಿಸಿ. ಕತ್ತರಿಸಿದ ಜಾಗಕ್ಕೆ ಸಗಣಿ, ಪೇಂಟ್, ಅರಿಶಿನ ಏನೂ ಬಳಿಯೋದು ಬೇಡ. ಮುಗಿದ ಮೇಲೆ ನೋಡಿ ನಿಮಗೇ ಅಯ್ಯೋ ಅನ್ಸುತ್ತೆ, ನಾಲ್ಕು ಮೊಂಡು ಕಡ್ಡಿ ಬಿಟ್ಟು ಏನೂ ಇರಲ್ಲ. ಹಾಗೇ ಇರಬೇಕು.

ಪಕ್ಕದವರಿಗೆ ಮುಂಚೆನೇ ಒಂದು ಮಾತು ಹೇಳಿ. ಗಡಿ ದಾಟಿ ಬಂದ ಕೊಂಬೆನ ಗಡಿವರೆಗೆ ಕತ್ತರಿಸೋ ಹಕ್ಕು ಅವರಿಗಿದೆ, ಆದ್ರೆ ಅವರ ಹಿತ್ತಲೊಳಗೆ ಹೋಗಿ ಕತ್ತರಿಸೋಕೆ ನಿಮಗೆ ಅವರ ಒಪ್ಪಿಗೆ ಬೇಕು. ಫೆನ್ಸ್ ಯಾರದ್ದು ಅನ್ನೋದನ್ನೂ ಮನೆ ಕಾಗದಪತ್ರದಲ್ಲಿ ನೋಡ್ಕೊಳ್ಳಿ, ಅವರದ್ದಾದ್ರೆ ಕೇಳದೆ ಮೊಳೆ ಹೊಡೆಯೋ ಹಾಗಿಲ್ಲ. ಕತ್ತರಿಸಿದ ಕಸನ ಕೌನ್ಸಿಲ್‌ನ ಗಾರ್ಡನ್ ವೇಸ್ಟ್ ಡಬ್ಬಕ್ಕೆ ಹಾಕಿ, ಹಸಿ ಮಣ್ಣಿನ ಮೇಲೆ ರಾಶಿ ಹಾಕಿ ಬಿಟ್ರೆ ಗೆಣ್ಣಿಂದ ಬೇರು ಬಿಟ್ಟು ಅಲ್ಲೇ ಸಂಸಾರ ಹೂಡುತ್ತೆ.

ಫೆನ್ಸ್ ಖಾಲಿ ಇದ್ದಾಗಲೇ, ರಿಪೇರಿ ಆದ ಮೇಲೆ, ತಂತಿ ಕಟ್ಟಿಬಿಡಿ. ನೆಲದಿಂದ ಒಂದಡಿ ಮೇಲೆ ಮೊದಲ ಸಾಲು, ಆಮೇಲೆ ಒಂದೊಂದಡಿಗೆ ಒಂದು ಅಡ್ಡ ತಂತಿ. ಗ್ಯಾಲ್ವನೈಸ್ಡ್ ತಂತಿ, ವೈನ್ ಐ ಅಂತ ಉಂಗುರ ಇರೋ ಸ್ಕ್ರೂ ಸಿಗುತ್ತೆ ಗಾರ್ಡನ್ ಸೆಂಟರಲ್ಲಿ, ಅದನ್ನ ಹಲಗೆಗೆ ಹಾಕಬೇಡಿ, ಪೋಸ್ಟಿಗೆ ಹಾಕಿ, ಹಲಗೆ ಆ ಭಾರ ತಡೆಯಲ್ಲ. ಕಾಂಕ್ರೀಟ್ ಪೋಸ್ಟ್ ಆದ್ರೆ ಎರಡು ಪೋಸ್ಟಿನ ಮಧ್ಯೆ ನೆಲದಿಂದಲೇ ಬೇರೆ ಚಪ್ಪರ ನಿಲ್ಲಿಸೋದು ವಾಸಿ. ತಂತಿಗೂ ಫೆನ್ಸಿಗೂ ಎರಡು ಬೆರಳಿನಷ್ಟಾದ್ರೂ ಸಂದಿ ಇರಬೇಕು, ಬಳ್ಳಿ ಸುತ್ಕೊಳ್ಳೋಕೂ ಗಾಳಿ ಆಡೋಕೂ.

ಏಪ್ರಿಲ್ ಹೊತ್ತಿಗೆ ಮೊಂಡು ಕಾಂಡಗಳಿಂದ, ಬುಡದಿಂದ ರಾಶಿ ಚಿಗುರು ಬರುತ್ತೆ. ಎಲ್ಲಾನೂ ಬಿಟ್ರೆ ಮತ್ತೆ ಅದೇ ಕಥೆ. ಗಟ್ಟಿಯಾಗಿರೋ 6-7 ಇಟ್ಕೊಂಡು ಉಳಿದಿದ್ದನ್ನ ಚಿವುಟಿ. ಉಳಿಸಿದ್ದನ್ನ ಬೀಸಣಿಗೆ ಬಿಡಿಸಿದ ಹಾಗೆ ಎಡಕ್ಕೆ ಬಲಕ್ಕೆ ಹರಡಿ, ಕೆಳಗಿನ ತಂತಿ ಮೇಲೆ ಆದಷ್ಟು ಅಡ್ಡಡ್ಡ ಮಲಗಿಸಿ ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ಇದೇ ಇಡೀ ಕೆಲಸದ ಜೀವಾಳ. ಬಳ್ಳಿ ಅಡ್ಡ ಮಲಗಿದ್ರೆ ತುದಿಯ ಜೋರು ಕಮ್ಮಿ ಆಗಿ ಉದ್ದಕ್ಕೂ ಗೆಣ್ಣು ಗೆಣ್ಣಲ್ಲಿ ಚಿಗುರುತ್ತೆ, ಅಂದ್ರೆ ಮರುವರ್ಷ ನಿಮ್ಮ ಮಗಳ ಮೂಗಿನ ಎತ್ತರದಿಂದಲೇ ಹೂ ಶುರುವಾಗುತ್ತೆ. ಕೈಯಲ್ಲಿ ಸುತ್ತುವಾಗ ಒಂದು ವಿಷಯ ಗಮನದಲ್ಲಿರ್ಲಿ: ಹನಿಸಕಲ್ ಯಾವಾಗಲೂ ಪ್ರದಕ್ಷಿಣೆ ಹಾಕ್ಕೊಂಡೇ ಹತ್ತೋದು, ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳು ತಿರುಗೋ ಕಡೆಗೆ. ನೀವು ಉಲ್ಟಾ ಸುತ್ತಿದ್ರೆ ಅದು ಒಪ್ಪಲ್ಲ, ಬಿಚ್ಕೊಳ್ಳುತ್ತೆ. ಅದೇ ಜಾಗದಲ್ಲಿ ಅಪ್ರದಕ್ಷಿಣವಾಗಿ ಸುತ್ಕೊಂಡು ಬರ್ತಿರೋ ತೆಳ್ಳಗಿನ ಬಳ್ಳಿ, ಹೃದಯಾಕಾರದ ಎಲೆ, ಬಿಳಿ ಕಹಳೆ ಥರ ಹೂ ಕಂಡ್ರೆ ಅದು ಬೈಂಡ್‌ವೀಡ್ ಅನ್ನೋ ಕಳೆ, ಮುಲಾಜಿಲ್ಲದೆ ಬೇರು ಸಮೇತ ಕೀಳಿ.

ಗೊಬ್ಬರ ವಿಚಾರ. ಮಾರ್ಚಲ್ಲಿ ಒಂದು ಸಲ ಸಾಕು. ಇಲ್ಲಿ ಯಾರನ್ನ ಕೇಳಿದ್ರೂ ಫಿಶ್ ಬ್ಲಡ್ ಅಂಡ್ ಬೋನ್ ಹಾಕಿ ಅಂತಾರೆ, ಹೆಸರೇ ಹೇಳುತ್ತೆ ಅದರಲ್ಲಿ ಏನಿದೆ ಅಂತ. ಮನೇಲಿ ಅಮ್ಮ ಇದ್ದಾರೆ, ಡಬ್ಬ ಓದಿದ್ರೆ ರಾಮಾಯಣ ಆಗಬಹುದು, ಬೇಡ ಅನ್ಸಿದ್ರೆ ಗ್ರೋಮೋರ್ ತಗೊಳ್ಳಿ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 7-7-7 ಇರೋ ಸಾದಾ ರಾಸಾಯನಿಕ ಗೊಬ್ಬರ, ಒಂದು ಹಿಡಿ ಬುಡದ ಸುತ್ತ ಉದುರಿಸಿ. ಹುಲ್ಲುಹಾಸಿನ ಗೊಬ್ಬರ ಮಾತ್ರ ಹಾಕಬೇಡಿ, ಅದರಲ್ಲಿ ಸಾರಜನಕ ಜಾಸ್ತಿ, ಎಲೆ ಚಿಗುರು ಸೊಂಪಾಗಿ ಬಂದು ರಸ ಹೀರೋ ಗಿಡದ ಹೇನಿಗೆ ಔತಣ ಆಗುತ್ತೆ. ಗೊಬ್ಬರ ಆದ ಮೇಲೆ ಚೆನ್ನಾಗಿ ನೀರು ಹಾಕಿ, ಮೇಲೆ ಮೂರು ಇಂಚು ಕಾಂಪೋಸ್ಟೋ ತೊಗಟೆ ಚೂರೋ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು.

ಆ ಹೊದಿಕೆ ಬರೀ ಚೆಂದಕ್ಕಲ್ಲ, ನಿಮ್ಮ ಬಿಳಿ ಪುಡಿಗೆ ಮುಖ್ಯ ಔಷಧಿನೇ ಅದು. ಆ ಪುಡಿ ಬೂದಿ ರೋಗ. ಊರಲ್ಲಿ ದ್ರಾಕ್ಷಿಗೆ, ಕುಂಬಳಕ್ಕೆ ಬರೋದನ್ನ ನೋಡಿರ್ತೀರ, ಆ ಜಾತಿಯದ್ದೇ ಬೂಜು. ಬೇರು ಒಣಗಿ, ಮೇಲೆ ಗಾಳಿ ಆಡದೆ ಇರೋ ಕಡೆ ಇದು ಬರುತ್ತೆ. ಹನಿಸಕಲ್ ಕಾಡಿನ ಅಂಚಿನ ಗಿಡ, ಬುಡ ನೆರಳಲ್ಲಿ ತಂಪಾಗಿ, ತಲೆ ಬಿಸಿಲಲ್ಲಿ ಇರೋದು ಅದರ ಸ್ವಭಾವ. ಫೆನ್ಸ್ ಬುಡ ಅಂದ್ರೆ ಮಳೆ ನೀರು ಸರಿಯಾಗಿ ತಾಕದ ಜಾಗ, ಹೊರಗೆ ದಿನಾ ಮಳೆ ಬರ್ತಿದ್ರೂ ಅಲ್ಲಿ ಬೆರಳು ಹಾಕಿ ನೋಡಿದ್ರೆ ಒಣ ಪುಡಿ ಮಣ್ಣು. ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಂದು ಸಲ ಎರಡು ಕ್ಯಾನ್ ನೀರು ಬುಡಕ್ಕೆ ಹಾಕಿ, ಎಲೆಗಲ್ಲ. ಗುಡ್ಡೆ ಹೋಗಿ ಗಾಳಿ ಆಡಿದ್ರೆ, ಬೇರಿಗೆ ನೀರು ಸಿಕ್ಕಿದ್ರೆ ಮುಕ್ಕಾಲು ಪಾಲು ರೋಗ ತಾನೇ ಹೋಗುತ್ತೆ, ಸ್ಪ್ರೇ ಬೇಕಾಗಲ್ಲ. ಬಿದ್ದ ರೋಗದ ಎಲೆ ಗುಡಿಸಿ ತೆಗೀರಿ.

ಜೂನ್‌ನ ಅಂಟು ಹೇನಿಂದು. ಹನಿಸಕಲ್ಲಿಗೇ ಅಂತ ಒಂದು ಹೇನಿದೆ, ಬೂದು ಹಸಿರು ಬಣ್ಣ, ಎಳೆ ಕುಡಿ, ಮೊಗ್ಗಿಗೆ ಮುತ್ಕೊಂಡು ರಸ ಹೀರುತ್ತೆ, ಮೊಗ್ಗು ಸೊಟ್ಟಗಾಗಿ ಅರಳದೇ ಉದುರುತ್ತೆ, ಅದು ವಿಸರ್ಜಿಸೋ ಸಿಹಿ ಅಂಟಿನ ಮೇಲೆ ಆಮೇಲೆ ಕಪ್ಪು ಮಸಿ ಕಟ್ಟುತ್ತೆ. ಏಪ್ರಿಲ್ ಕೊನೆಯಿಂದ ಕಾಫಿ ಕಪ್ ಹಿಡ್ಕೊಂಡು ದಿನಾ ಒಂದು ಸುತ್ತು ಹೋಗಿ, ಕುಡಿ ತುದಿ ತಿರುಗಿಸಿ ನೋಡಿ. ಮೊದಲ ಗುಂಪು ಕಂಡಾಗಲೇ ಬೆರಳಲ್ಲಿ ಒರೆಸಿಹಾಕಿದ್ರೆ ಅಥವಾ ಪೈಪಿನ ನೀರು ಜೋರಾಗಿ ಹೊಡೆದ್ರೆ ಮುಂದೆ ಲೇಡಿಬರ್ಡ್ ಹುಳ ಬಂದು ಮಿಕ್ಕಿದ್ದು ನೋಡ್ಕೊಳ್ಳುತ್ತೆ. ಕೀಟನಾಶಕ ಹೊಡೆಯೋದು ನನಗೆ ಇಷ್ಟ ಇಲ್ಲ, ಅದರಲ್ಲೂ ಹೂ ಇರುವಾಗ ಬೇಡವೇ ಬೇಡ. ಈ ಹೂವಿನ ಪರಿಮಳ ಜೋರಾಗೋದು ಸಂಜೆ ಮೇಲೆ, ಉದ್ದ ಸೊಂಡಿಲಿನ ಹಾಕ್‌ಮಾತ್ ಪತಂಗಗಳನ್ನ ಕರೆಯೋಕೆ. ಮಧ್ಯಾಹ್ನ ಮೂಸಿ ನೋಡಿ ವಾಸನೆನೇ ಇಲ್ಲ ಅನ್ನೋರಿಗೆ ನಾನು ಹೇಳೋದು, ಒಂಬತ್ತು ಗಂಟೆಗೆ ಹಿತ್ತಲ ಬಾಗಿಲು ತೆಗೀರಿ ಅಂತ.

ಮಗು ವಿಷಯ. ಹನಿಸಕಲ್ ಹಣ್ಣು ತಿನ್ನೋದಲ್ಲ. ಒಂದೆರಡು ಬಾಯಿಗೆ ಹಾಕ್ಕೊಂಡ್ರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು, ಸಾಮಾನ್ಯವಾಗಿ ಅದಕ್ಕಿಂತ ಮುಂದೆ ಹೋಗಲ್ಲ, ರುಚಿ ಕಹಿ ಇರೋದ್ರಿಂದ ಮಕ್ಕಳು ಉಗುಳೋದೇ ಹೆಚ್ಚು. ಆದ್ರೂ ತಿಂದಳು ಅಂತ ಅನುಮಾನ ಬಂದ್ರೆ ಬಾಯಿ ಒರೆಸಿ, ಹಣ್ಣಿರೋ ಒಂದು ರೆಂಬೆ ಇಟ್ಕೊಂಡು ಇಲ್ಲಿಯ ವೈದ್ಯಕೀಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ವಾಂತಿ ಮಾಡಿಸೋಕೆ ಹೋಗಬೇಡಿ. ಉಸಿರಾಟಕ್ಕೆ ಕಷ್ಟ, ಮಂಪರು ಥರ ಏನಾದ್ರೂ ಇದ್ರೆ ನೇರ ಆಂಬುಲೆನ್ಸಿಗೆ, 999. ನನಗೆ ಹನಿಸಕಲ್‌ಗಿಂತ ಜಾಸ್ತಿ ಚಿಂತೆ ಇರೋದು ಅದರ ಜೊತೆ ಕದ್ದು ಬೆಳೆಯೋ ಬಳ್ಳಿಗಳ ಬಗ್ಗೆ. ವುಡಿ ನೈಟ್‌ಶೇಡ್ ಅಂತ ಒಂದಿದೆ, ಬದನೆ ಟೊಮ್ಯಾಟೊ ಕುಟುಂಬದ್ದು, ನೇರಳೆ ಹೂವಿನ ಮಧ್ಯೆ ಹಳದಿ ಮೂತಿ, ಕೆಂಪಗೆ ಹೊಳೆಯೋ ಮೊಟ್ಟೆಯಾಕಾರದ ಹಣ್ಣು ಒಂದೊಂದಕ್ಕೂ ತೊಟ್ಟಿದ್ದು ಸಡಿಲವಾಗಿ ಜೋತಾಡ್ತಿರುತ್ತೆ. ಅದು ಇದಕ್ಕಿಂತ ವಿಷ. ಹನಿಸಕಲ್ ಹಣ್ಣು ತೊಟ್ಟಿಲ್ಲದೆ ಒಂದಕ್ಕೊಂದು ಅಂಟಿ ಗುಂಪಾಗಿ ಕೂತಿರುತ್ತೆ, ಇದೇ ವ್ಯತ್ಯಾಸ. ಫೋಟೋದಲ್ಲಿ ನನಗೆ ಹನಿಸಕಲ್ ಮಾತ್ರ ಕಂಡಿದ್ದು, ಆದ್ರೆ ಗುಡ್ಡೆ ಒಳಗೆ ಒಂದು ಸಲ ನೋಡಿಬಿಡಿ. ಮಗಳ ಕೈಗೆಟಕೋ ಹಣ್ಣಿನ ಗೊಂಚಲಷ್ಟೇ ಈಗ ಸೆಕೆಟರಲ್ಲಿ ತೆಗೆದುಬಿಡಿ, ಮೇಲಿನದು ಹಕ್ಕಿಗಳಿಗೆ ಇರ್ಲಿ. ನಿಮ್ಮೆಜಮಾನ್ರಿಗೆ ಈ ವೀಕೆಂಡ್ ಏನಾದ್ರೂ ಕತ್ತರಿಸಲೇಬೇಕು ಅನ್ಸಿದ್ರೆ ಈ ಕೆಲಸ ಕೊಡಿ.

ಮುಂದಿನ ವರ್ಷಗಳಲ್ಲಿ ಜಾಸ್ತಿ ಏನಿಲ್ಲ. ಮೊದಲ ಬೇಸಿಗೆ ಪೂರ್ತಿ ಹಬ್ಬಿಸೋದು ಮಾತ್ರ, ಆರಡಿ ಮುಟ್ಟಿದ ಕುಡಿ ತುದಿ ಚಿವುಟಿ. ಎರಡನೇ ಬೇಸಿಗೆ ಹೂ ಬರುತ್ತೆ. ಹೂ ಮುಗಿದ ತಕ್ಷಣ, ಆಗಸ್ಟ್ ಕೊನೆ ಸೆಪ್ಟೆಂಬರ್ ಮೊದಲಲ್ಲಿ, ಹೂ ಬಿಟ್ಟ ಬಳ್ಳಿಗಳನ್ನ ಸುಮಾರು ಮೂರರಲ್ಲೊಂದು ಭಾಗ ಗಟ್ಟಿ ಚಿಗುರಿರೋ ಗೆಣ್ಣಿಗೆ ಕತ್ತರಿಸಿ, ಅದಾದ ಮೇಲೆ ಬೆಳೆಯೋದು ಮರುವರ್ಷದ ಹೂವಿಗೆ, ಅದನ್ನ ಮುಟ್ಟಬೇಡಿ. ಕೆಂಪು ಹಣ್ಣು ಬೇಡ ಅಂದ್ರೆ ಈ ಸವರೋದರಲ್ಲೇ ಅದೂ ಹೋಗುತ್ತೆ. ಎರಡು ಮೂರು ವರ್ಷಕ್ಕೊಂದು ಸಲ ಫೆಬ್ರವರೀಲಿ ಅತಿ ಹಳೇ ಕಾಂಡ ಒಂದನ್ನ ಬುಡದಿಂದ ತೆಗೆದ್ರೆ ಮತ್ತೆ ಈ ಗುಡ್ಡೆ ಆಗಲ್ಲ.

ಇನ್ನೊಂದೇ ಒಂದು. ಕತ್ತರಿಸಿ ಏಪ್ರಿಲ್ ಕಳೆದ್ರೂ ಚಿಗುರು ಕಾಣಲಿಲ್ಲ ಅಂತ ಕಿತ್ತುಹಾಕಬೇಡಿ, ಚಳಿ ಜಾಸ್ತಿ ಇದ್ದ ವರ್ಷ ತಡ ಆಗುತ್ತೆ, ಮೇ ಪೂರ್ತಿ ಕಾಯಿರಿ, ಮಣ್ಣು ಒಣಗದ ಹಾಗೆ ನೋಡ್ಕೊಳ್ಳಿ, ಉಗುರಿಂದ ಕೆರೆದು ನೋಡ್ತಿರಿ. ಜೂನ್ ಬಂದ್ರೂ ಎಲ್ಲಾ ಕಾಂಡ ಕಂದು ಪುಡಿನೇ ಅಂದ್ರೆ ಬುಡ ಅಗೆದು ತೆಗೀರಿ, ಅಮ್ಮ ಹೂತಿಟ್ಟ ಬಳ್ಳಿ ಇದೆಯಲ್ಲ, ಅದನ್ನ ಅಕ್ಟೋಬರಲ್ಲಿ ಬೇರು ಸಮೇತ ಎತ್ತಿ, ಹಳೇ ಗುಂಡಿ ಬಿಟ್ಟು ಸ್ವಲ್ಪ ಪಕ್ಕದಲ್ಲಿ, ಫೆನ್ಸಿಂದ ಒಂದಡಿ ಈಚೆಗೆ, ಕಾಂಪೋಸ್ಟ್ ಹಾಕಿ ನೆಟ್ಟು ಮೊದಲ ತಂತಿ ಕಡೆ ಒಂದು ಕಡ್ಡಿ ವಾಲಿಸಿಡಿ.